ಪ್ರಯೋಗ ಮಾಡಿಸುವ ಉಪಾಧ್ಯಾಯರಿಗೆ ಬಹುಮಾನ

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ದೇಶದ ಕೆಲವು ಉಪಾಧ್ಯಾಯರು ರಾಷ್ಟ್ರಪ್ರಶಸ್ತಿಯನ್ನು ಸ್ವೀಕರಿಸುತ್ತಾರೆ. 1958ರಲ್ಲಿ ಮೊದಲಾದ ಈ ಸಂಪ್ರದಾಯ ಶ್ಲಾಘ್ಯವಾದುದೇ. ಬೆಳ್ಳಿಯ ಪದಕ, ಪ್ರಶಸ್ತಿಪತ್ರ, 50,000 ರೂಪಾಯಿ. ಇವಕ್ಕೆ ಅವರು ಅರ್ಹರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇದು ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಮನ್ನಣೆ. ಇನ್ನೂ ಆರಂಭವಾಗಬೇಕಾದ ಕೆಲಸಕ್ಕೆ ನೆರವು ಎಲ್ಲಿಂದ ಬರಬೇಕು?

ಹಳ್ಳಿಯ ಪ್ರೌಢಶಾಲೆಯ ಉಪಾಧ್ಯಾಯರೊಬ್ಬರು ಊರಿನ ಬಾವಿಗಳ ನೀರಿನ ಗಡಸುತನವನ್ನು ಮಕ್ಕಳಿಂದಲೇ ಪರೀಕ್ಷೆ ಮಾಡಿಸಬೇಕೆಂದು ಬಗೆದರೆನ್ನೋಣ. ಸಮ ಅಳತೆಯ ನೀರಿಗೆ ಸಾಬೂನಿನ ದ್ರಾವಣವನ್ನು ತೊಟ್ಟುತೊಟ್ಟಾಗಿ ಹಾಕಿ ಕುಲುಕಬೇಕು. ನಿಲ್ಲುವ ನೊರೆ ಬರಲು ಎಷ್ಟು ತೊಟ್ಟು ಹಿಡಿಯಿತೆಂದು ಎಣಿಸಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾದಷ್ಟೂ ಸಾಬೂನು ಅವುಗಳೊಡನೆ ಸೇರಿ ಕರಗದ ಗಸಿಯಾಗುತ್ತದೆ, ನೊರೆ ತಡವಾಗುತ್ತದೆ. ಇದಕ್ಕೆ ಬೇಕಾದುದು ಕೆಲವು ಸೀಸೆಗಳು, ಸಾಬೂನು, ಒಂದೆರಡು ಶನಿವಾರಗಳು. ಸೀಸೆಗಳನ್ನು ಉಪಾಧ್ಯಾಯರು ಸ್ವಂತ ಜೇಬಿನಿಂದಲಾದರೂ ತಂದಾರು. ಶನಿವಾರಗಳನ್ನು ಯಾವ ಜೇಬಿನಿಂದ ತರಬೇಕು!

ಸರ್ಕಾರ ಏನನ್ನೂ ಮಾಡಿಲ್ಲವೆನ್ನುವಂತಿಲ್ಲ. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ 10,000 ರೂಪಾಯಿ ದೊರೆಯುತ್ತದೆ. 2016ರಲ್ಲಿ ಮೊದಲಾದ ಅಟಲ್ ಟಿಂಕರಿಂಗ್ ಯೋಜನೆಯಲ್ಲಿ ಪ್ರಯೋಗಶಾಲೆಯೊಂದಕ್ಕೆ 20 ಲಕ್ಷದವರೆಗೆ ಅನುದಾನವುಂಟು. ಒಂದು ವಿದ್ಯಾರ್ಥಿಯನ್ನು ಮುಟ್ಟಿತು, ಇನ್ನೊಂದು ಶಾಲೆಯನ್ನು. ಇವರಿಬ್ಬರ ನಡುವೆ ನಿಂತು ಕೆಲಸ ಮಾಡಿಸುವವರ ಕೈಗೆ ಬಂದುದೇನು?

ಉಪಾಧ್ಯಾಯರನ್ನು ನಂಬಿದರೆ ಏನಾಗಬಲ್ಲುದೆಂಬುದಕ್ಕೆ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ, ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನವನ್ನು ಕಲಿಯುವ ಏರ್ಪಾಡು ಮೊದಲಾಯಿತು. ಅಗ್ಗದ ಸಾಮಗ್ರಿಯ ಪೆಟ್ಟಿಗೆ, ಉಪಾಧ್ಯಾಯರಿಗೆ ತರಬೇತಿ, ತಿಂಗಳಿಗೊಮ್ಮೆ ಅವರು ಕೂಡಿ ತಮ್ಮ ತೊಡಕುಗಳನ್ನು ಚರ್ಚಿಸುವ ಸಭೆ, ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ ಇವು ಅದರ ಆಧಾರ. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿದಾಗ ಅದು ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿತ್ತು. ನಿಲ್ಲಿಸಿದುದು ಸರಿಯಲ್ಲವೆಂದೇ ನಮ್ಮ ಮತ.

ಆದುದರಿಂದ ದೊಡ್ಡ ಮೊತ್ತವನ್ನು ಕೆಲವರಿಗೆ ಕೊಡುವುದರ ಜೊತೆಗೆ ಸಣ್ಣ ಮೊತ್ತವನ್ನು ಬಹುಮಂದಿಗೆ, ಅದೂ ಮುಂಗಡವಾಗಿ, ಕೊಡುವ ಬಹುಮಾನವೊಂದು ಬೇಕು. ಅರ್ಜಿ ಒಂದು ಪುಟವನ್ನು ಮೀರಕೂಡದು. ವೇಳಾಪಟ್ಟಿಯಲ್ಲಿ ಆ ಕೆಲಸಕ್ಕೆಂದು ಕೆಲವು ಗಂಟೆಗಳನ್ನು ಬಿಟ್ಟುಕೊಡುವುದಾಗಿ ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು. ಫಲಿತಾಂಶ ನಿರೀಕ್ಷಿಸಿದಂತೆ ಬರಲಿಲ್ಲವೆಂದು ಹಣವನ್ನು ಹಿಂದಕ್ಕೆ ಕೇಳಬಾರದು. ಬಾವಿಯ ನೀರು ಗಡಸೆಂದು ಊಹಿಸಿ, ಅಳೆದು ನೋಡಿ, ಮೆದುವೆಂದು ಕಂಡುಕೊಂಡ ಮಕ್ಕಳ ವರದಿಯನ್ನೂ ತೀರ್ಪುಗಾರರು ಅಷ್ಟೇ ಆದರದಿಂದ ಓದಬೇಕು.