ಗೆರೆಯಾಚೆ ನಿಂತವನ ಆಟ

ಚೆನ್ನೈಯಿನ್ ಎಫ್‌ಸಿ ತಂಡದ ಮೊದಲ ಕೋಚ್ ಯಾರು ಅಂತ ನಮ್ಮ ಆಫೀಸಿನಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ: ಮಾರ್ಕೊ ಮಾಟೆರಾಜಿ. 2006ರ ವಿಶ್ವಕಪ್ ಫೈನಲ್‌ನಲ್ಲಿ ಜಿದಾನೆಯ ತಲೆಯಿಂದ ಎದೆಗೆ ಗುದ್ದಿಸಿಕೊಂಡ ಇಟಲಿಯ ಆಟಗಾರ. 2015ರಲ್ಲಿ ಅವರೇ ಚೆನ್ನೈಗೆ ಐಎಸ್‌ಎಲ್ ಕಪ್ ತಂದುಕೊಟ್ಟರು. ಅದೇ ಬೆಂಗಳೂರು ಎಫ್‌ಸಿಗೆ ಮೊದಲ ಐಎಸ್‌ಎಲ್ ಕಪ್ ಗೆದ್ದುಕೊಟ್ಟ ಕೋಚ್ ಯಾರು ಎಂದು ಕೇಳಿ ನೋಡಿ. ನಮ್ಮ ಕನ್ನಡದವರೇ ಒಂದು ಕ್ಷಣ ತಡವರಿಸುತ್ತಾರೆ.

ಅವರ ಹೆಸರು ಕಾರ್ಲೆಸ್ ಕ್ವಾಡ್ರಾಟ್. ಹುಟ್ಟಿದ್ದು 1968ರಲ್ಲಿ, ಬಾರ್ಸಿಲೋನಾದಲ್ಲಿ. ಬೆಳೆದದ್ದು ಅಲ್ಲಿನ ದೊಡ್ಡ ಕ್ಲಬ್ಬಿನ ಯುವ ತಂಡಗಳಲ್ಲಿ. ಆದರೆ ಗಾಯ ಅವರ ಆಟವನ್ನು ಬೇಗ ಮುಗಿಸಿತು. ಮೊದಲ ತಂಡದಲ್ಲಿ ಆಡಿ ಹೆಸರು ಮಾಡುವ ಯೋಗ ಬರಲಿಲ್ಲ. ಚಿಕ್ಕಂದಿನಿಂದ ಒಂದೇ ಕೆಲಸ ಕಲಿತವನಿಗೆ ಆ ಕೆಲಸವೇ ಇಲ್ಲವಾದರೆ ಏನು ಮಾಡಬೇಕು?

ಕ್ವಾಡ್ರಾಟ್ ಮೈದಾನ ಬಿಡಲಿಲ್ಲ, ಗೆರೆಯಾಚೆಗೆ ಸರಿದು ನಿಂತರು. ರೈಕಾರ್ಡ್ ಟರ್ಕಿಯ ಗಲಾಟಸರಾಯ್ ಕೋಚ್ ಆಗಿದ್ದಾಗ ಇವರು ಅಲ್ಲಿ ಫಿಟ್‌ನೆಸ್ ನೋಡಿಕೊಳ್ಳುತ್ತಿದ್ದರು. ಆಮೇಲೆ ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡದಲ್ಲಿ ಆಲ್ಬರ್ಟ್ ರೋಕಾ ಜೊತೆ ಕೆಲಸ. 2016ರಲ್ಲಿ ರೋಕಾ ಬೆಂಗಳೂರಿಗೆ ಬಂದಾಗ ಸಹಾಯಕರಾಗಿ ಬಂದವರೂ ಇವರೇ. ಫೋಟೋದಲ್ಲಿ ಪಕ್ಕದಲ್ಲಿ ನಿಲ್ಲುವ ಮನುಷ್ಯ. ಯಾರಿಗೆ ಎಷ್ಟು ದಣಿವಾಗಿದೆ, ಕಾರ್ನರ್ ಕಿಕ್ ಬಂದಾಗ ಯಾರು ಎದುರಾಳಿಯನ್ನು ತಡೆಯಬೇಕು, ಯಾರು ಓಡಿಬಂದು ಚೆಂಡಿಗೆ ತಲೆ ಕೊಡಬೇಕು ಅಂತ ನೋಡುವುದು ಇಂಥವರ ಕೆಲಸ. ಸ್ಕೋರ್‌ಬೋರ್ಡಿನಲ್ಲಿ ಅದಕ್ಕೆ ಜಾಗವಿಲ್ಲ.

2018ರ ಮಾರ್ಚ್ 17ರಂದು ಕಂಠೀರವದಲ್ಲಿ ಐಎಸ್‌ಎಲ್ ಫೈನಲ್. ಒಂಬತ್ತನೇ ನಿಮಿಷಕ್ಕೇ ಸುನಿಲ್ ಚೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ತಲೆಯಿಂದ ಎರಡು ಗೋಲು ಹೊಡೆದರು. ಅವೆರಡೂ ಕಾರ್ನರ್‌ನಿಂದ ಬಂದವು. ಲೀಗ್‌ನಲ್ಲಿ ಮೊದಲ ಸ್ಥಾನ ಪಡೆದಿದ್ದ ಬೆಂಗಳೂರು ತನ್ನ ಮನೆಯಲ್ಲೇ 3–2ರಿಂದ ಸೋತಿತು. ಮರುದಿನ ಓಎಂಆರ್ ರಸ್ತೆಯ ಆಫೀಸುಗಳಲ್ಲಿ ನಮ್ಮಂಥವರು ಎಷ್ಟು ತಮಿಳು ಕೇಳಿಸಿಕೊಂಡೆವು ಎಂದು ಚೆನ್ನೈ ಕನ್ನಡಿಗರಿಗೆ ಹೇಳಬೇಕಿಲ್ಲ.

ಆ ಋತು ಮುಗಿದ ಮೇಲೆ ರೋಕಾ ಹೊರಟರು. ಕ್ಲಬ್ ದೊಡ್ಡ ಹೆಸರಿಗಾಗಿ ಹುಡುಕಾಡದೆ ಪಕ್ಕದಲ್ಲಿದ್ದವರನ್ನೇ ಮುಂದೆ ಕೂರಿಸಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಮತ್ತೆ ಫೈನಲ್. ಎದುರಿಗೆ ಗೋವಾ. ಗೋವಾದ ಕೋಚ್ ಸರ್ಜಿಯೊ ಲೊಬೆರಾ ಕೂಡ ಸ್ಪೇನಿನವರೇ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದ 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಕಿಕ್ ತೆಗೆದರು, ರಾಹುಲ್ ಭೇಕೆ ತಲೆ ಕೊಟ್ಟರು. 1–0. ಹಿಂದಿನ ವರ್ಷ ಕಾರ್ನರ್‌ನಲ್ಲಿ ಕಳೆದುಕೊಂಡದ್ದನ್ನು ಈ ಸಲ ಕಾರ್ನರ್‌ನಲ್ಲೇ ಪಡೆದರು.

ಕತೆ ಇಲ್ಲಿಗೇ ಮುಗಿದಿದ್ದರೆ ಸಿನಿಮಾ ಆಗುತ್ತಿತ್ತು. ಸತತ ಮೂರು ಸೋಲು ಬಂದವು, 2021ರ ಜನವರಿಯಲ್ಲಿ ಕ್ಲಬ್ ಅವರಿಗೆ ವಿದಾಯ ಹೇಳಿತು. 2023ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕರೆಸಿಕೊಂಡಿತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮೋಹನ್ ಬಾಗಾನ್ ವಿರುದ್ಧ ಗೆದ್ದೇ ಇರದ ತಂಡ ಅದು. ಆ ಆಗಸ್ಟಿನ ಡುರಾಂಡ್ ಕಪ್‌ನಲ್ಲಿ ಗೆದ್ದಿತು. ಗೋಲು ಹೊಡೆದದ್ದು ನಮ್ಮ ಚೆನ್ನೈ ಹುಡುಗ ನಂದಕುಮಾರ್ ಶೇಖರ್. 2024ರ ಜನವರಿಯಲ್ಲಿ ಸೂಪರ್ ಕಪ್ ಫೈನಲ್. ಎದುರಾಳಿ ಒಡಿಶಾದ ಕೋಚ್ ಮತ್ತೆ ಅದೇ ಲೊಬೆರಾ, ಮತ್ತೆ ಹೆಚ್ಚುವರಿ ಆಟ, ಮತ್ತೆ ಗೆಲುವು. 2012ರ ಫೆಡರೇಷನ್ ಕಪ್ ಆದಮೇಲೆ ಆ ಕ್ಲಬ್ಬಿಗೆ ಸಿಕ್ಕ ಮೊದಲ ರಾಷ್ಟ್ರೀಯ ಕಪ್ ಅದು. ಎಂಟೇ ತಿಂಗಳು ಕಳೆಯಿತು. ಹೊಸ ಐಎಸ್‌ಎಲ್‌ನ ಮೊದಲ ಮೂರು ಪಂದ್ಯ ಸೋತು ಸೆಪ್ಟೆಂಬರ್ ಕೊನೆಗೆ ರಾಜೀನಾಮೆ ಕೊಟ್ಟರು. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ಬೆಂಗಳೂರು ಎಫ್‌ಸಿ ವಿರುದ್ಧ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ನಮ್ಮ ಐಟಿಯಲ್ಲಿ ಚೆನ್ನಾಗಿ ಕೋಡ್ ಬರೆಯುವವನನ್ನೇ ಮ್ಯಾನೇಜರ್ ಮಾಡುತ್ತಾರೆ. ಅವನು ಚೆನ್ನಾಗಿ ಮಾಡಲೂಬಹುದು, ಮಾಟೆರಾಜಿ ಮಾಡಲಿಲ್ಲವೇ? ಆದರೆ ಆಟ ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು. ಎರಡನೆಯದನ್ನು ಕಲಿಯಲು ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನೋಡಬೇಕು. ನಲವತ್ತು ಹತ್ತಿರ ಬಂದರೂ ಇನ್ನೂ ಯಾರದೋ ಪಕ್ಕದಲ್ಲೇ ಇದ್ದೇವಲ್ಲ ಎಂದು ಅಪ್ರೈಸಲ್ ತಿಂಗಳಲ್ಲಿ ನನ್ನ ವಯಸ್ಸಿನವರಿಗೆ ಅನ್ನಿಸುತ್ತದೆ. ಕ್ವಾಡ್ರಾಟ್ ಮುಖ್ಯ ಕೋಚ್ ಆಗಿ ಬೆಂಗಳೂರಿನ ಬೆಂಚಿನಲ್ಲಿ ಕೂತಾಗ ಅವರಿಗೆ ಐವತ್ತು ತುಂಬುತ್ತಿತ್ತು. ಮುಂದೆ ಬಂದವರಿಗೆ ಸಿಗುವ ತಾಳ್ಮೆ ಮೂರು ಪಂದ್ಯದ್ದು ಅನ್ನುವುದೂ ಅವರ ಕತೆಯಲ್ಲೇ ಇದೆ. ಕೆಲಸ ಗೊತ್ತಿದ್ದರೂ ಕುರ್ಚಿ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಆದರೆ ಕೆಲಸ ಗೊತ್ತಿದ್ದವರನ್ನು ಇನ್ನೊಂದು ಊರು ಕರೆಯುತ್ತದೆ.

ಮುಂದಿನ ಸಲ ಬೆಂಗಳೂರು ತಂಡ ಪೆರಿಯಮೇಟಿನ ನೆಹರೂ ಸ್ಟೇಡಿಯಂಗೆ ಬಂದಾಗ ಹೋಗಿ ಬನ್ನಿ. ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕಾರ್ನರ್ ಕಿಕ್ ಸಿಕ್ಕಾಗ ಚೆಂಡನ್ನು ಬಿಟ್ಟು ಒಮ್ಮೆ ಗೆರೆಯ ಹತ್ತಿರ ನೋಡಿ. ಕೋಚ್ ಪಕ್ಕದಲ್ಲಿ ಕೈಯಲ್ಲೊಂದು ಕಾಗದ ಹಿಡಿದು ಒಬ್ಬರು ನಿಂತಿರಬಹುದು. ಅವರ ಹೆಸರು ಕೇಳಿ ತಿಳಿದುಕೊಳ್ಳಿ.