ಯಾರ ಮನೆಯ ಹುಡುಗ ಎಂದು ಕೇಳಿ

ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರೇ, ಅದರಲ್ಲೂ ಅಲ್ಲಿಗೆ ಸೋಷಿಯಲ್ ವರ್ಕ್ ಓದಲು ಹೋಗಿರುವ ನಮ್ಮ ಮಕ್ಕಳೇ, ವಿನ್ನಿಪೆಗ್‌ನಲ್ಲಿ ಇಳಿದ ವಾರದಲ್ಲೇ ಯಾರೋ ನಿಮಗೆ ಬುದ್ಧಿ ಹೇಳಿರುತ್ತಾರೆ: "ನಾರ್ತ್ ಎಂಡ್ ಕಡೆ ಹೋಗಬೇಡಿ, ಗ್ಯಾಂಗಿನವರಿದ್ದಾರೆ." ಹೇಳಿದವರು ಬಹುಶಃ ನಮ್ಮವರೇ. ಆ ಮಾತನ್ನು ಸ್ವಲ್ಪ ಪಕ್ಕಕ್ಕಿಡಿ ಎಂಬುದೇ ನನ್ನ ಮನವಿ.

ಮೂಲನಿವಾಸಿ ಹುಡುಗರ 'ಇಂಡಿಯನ್ ಪಾಸಿ' ಗ್ಯಾಂಗು ಹುಟ್ಟಿದ್ದು 1988ರಲ್ಲಿ, ಅದೇ ಊರಿನಲ್ಲಿ. ಕಥೆ ಮಾತ್ರ ಅದಕ್ಕಿಂತ ನೂರು ವರ್ಷ ಹಳೆಯದು. ಮೂಲನಿವಾಸಿಗಳ 1.5 ಲಕ್ಷ ಮಕ್ಕಳನ್ನು ಹೆತ್ತವರಿಂದ ಬಿಡಿಸಿ, ಚರ್ಚುಗಳು ನಡೆಸುತ್ತಿದ್ದ ವಸತಿಶಾಲೆಗಳಿಗೆ ತುಂಬಿದರು. ಮನೆಮಾತು ಆಡಿದರೆ ಏಟು. ಪಾಟ್‌ಲ್ಯಾಚ್‌ನಂಥ ಆಚರಣೆಗಳಿಗೆ 1951ರವರೆಗೂ ಕಾನೂನಿನ ಅಡ್ಡಿ. ಮಡಿಲು ಕಾಣದೆ ಬೆಳೆದವರು ತಮ್ಮ ಮಕ್ಕಳನ್ನು ಹೇಗೆ ಎತ್ತಿಕೊಂಡಾರು? ಅವರ ಮೊಮ್ಮಕ್ಕಳಿಗೆ ಒಂದು ಹೆಸರನ್ನೂ ಅಣ್ಣತಮ್ಮಂದಿರನ್ನೂ ಕೊಟ್ಟಿದ್ದು ಗ್ಯಾಂಗು. ಜೊತೆಗೆ ಜೈಲನ್ನೂ ಕೊಟ್ಟಿತು: ದೇಶದಲ್ಲಿ ನೂರಕ್ಕೆ 5ರಷ್ಟಿರುವ ಈ ಜನ ಫೆಡರಲ್ ಜೈಲುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು.

ಕಷ್ಟದಿಂದ ಚೇತರಿಸಿಕೊಳ್ಳುವುದೆಂದರೆ ಹಲ್ಲುಕಚ್ಚಿ ಒಬ್ಬನೇ ಎದ್ದು ನಿಲ್ಲುವುದು ಎಂದು ನಾವು ಓದಿಕೊಂಡಿದ್ದೇವೆ. ಮೂಲನಿವಾಸಿ ಹಿರಿಯರ ಲೆಕ್ಕವೇ ಬೇರೆ; ನೆಲ, ನುಡಿ, ನಂಟು, ಆಚರಣೆ ಕೈಹಿಡಿದರೆ ಮನುಷ್ಯ ಏಳುತ್ತಾನೆ. ಅವರ ಬೆವರುಗುಡಿಸಲನ್ನೇ ನೋಡಿ. ಬಗ್ಗಿಸಿದ ವಿಲೋ ಕೋಲುಗಳ ಮೇಲೆ ಕಂಬಳಿ, ಒಳಗೆ ಕಗ್ಗತ್ತಲು. ಕೆಂಪಗೆ ಕಾದ ಕಲ್ಲುಗಳನ್ನು ಒಳತಂದು ನೀರು ಚಿಮುಕಿಸುತ್ತಾರೆ. ಆ ಕಲ್ಲುಗಳನ್ನು ಅವರು ಕರೆಯುವುದು 'ಅಜ್ಜಂದಿರು' ಎಂದು. ಸ್ವಂತ ಅಜ್ಜನ ಮುಖ ನೋಡದ, ಕತ್ತಿನ ಮೇಲೆ ಗ್ಯಾಂಗಿನ ಹಚ್ಚೆಯಿರುವ ಹುಡುಗ ಆ ಅಜ್ಜಂದಿರ ಸುತ್ತ ಬೆವರುತ್ತ ಕೂರುತ್ತಾನೆ.

ಒಂದೇ ದಿನಕ್ಕೆ ಆಗುವ ಕೆಲಸ ಇದಲ್ಲ. ಗ್ಯಾಂಗು ಬಿಟ್ಟು ಬಂದವರಿಗೆ ಸಾಸ್ಕಟೂನಿನ 'ಸ್ಟ್ರೈಟ್ ಅಪ್' ಸಂಸ್ಥೆ ಹೇಳುವುದು 4 ವರ್ಷ ಕೊಡಿ ಎಂದು. (ಅದನ್ನು ಕಟ್ಟಿದವರು ಒಬ್ಬ ಕ್ಯಾಥೊಲಿಕ್ ಪಾದ್ರಿ. ಚರ್ಚಿನ ಹಳೆಯ ಲೆಕ್ಕ ನೆನೆದರೆ, ಬಡ್ಡಿಯಾದರೂ ತೀರಲಿ ಅನ್ನಿಸುತ್ತದೆ.)

ಆದ್ದರಿಂದ, ಸೋಷಿಯಲ್ ವರ್ಕ್ ಓದುವವರೇ, ಒಬ್ಬ ಹುಡುಗನ ಫೈಲಿನಲ್ಲಿ 'ಗ್ಯಾಂಗ್' ಎಂಬ ಪದ ಕಂಡೊಡನೆ "ಯಾಕೆ ಸೇರಿದೆ?" ಎನ್ನಬೇಡಿ. ನಮ್ಮೂರ ಜಗಲಿಯಲ್ಲಿ ಕೂತವರು ಕೇಳುವ ಹಾಗೆ ಕೇಳಿ: ಯಾವೂರಪ್ಪ, ಯಾರ ಮನೆಯವನು? ಗೊತ್ತಿಲ್ಲ ಎಂದನೋ, ಅದನ್ನು ಅವನ ಜೊತೆಗೂಡಿ ಹುಡುಕುವುದೇ ನಿಮ್ಮ ಮೊದಲ ಕೆಲಸ. ಆಚರಣೆ ನಡೆಸುವುದು ಅವರ ಹಿರಿಯರಿಗೆ ಬಿಟ್ಟದ್ದು. ನೀವು ಗುಡಿಸಲಿನವರೆಗೆ ಕರೆದೊಯ್ಯಿರಿ, ಫೋಟೋ ತೆಗೆಯಬೇಡಿ.

ಬೇರೆ ಉದ್ಯೋಗದವರಿಗೂ ಕೆಲಸವಿದೆ. 1992ರಲ್ಲಿ ಹುಟ್ಟಿದ 'ಬೇರ್ ಕ್ಲ್ಯಾನ್' ಗಸ್ತು ತಂಡ ನಾರ್ತ್ ಎಂಡ್‌ನ ಬೀದಿಗಳಲ್ಲಿ ನಡೆಯುತ್ತದೆ. ಬಿದ್ದ ಸಿರಿಂಜು ಹೆಕ್ಕುತ್ತದೆ, ಹಸಿದವರಿಗೆ ತಿಂಡಿ ಕೊಡುತ್ತದೆ. ಹೊರಗಿನವರೂ ಸೇರಬಹುದು. ತಿಂಗಳಿಗೊಂದು ಸಂಜೆ ಹೋಗಿ ಬನ್ನಿ. ಚಳಿಗಾಲವಾದರೆ ದಪ್ಪ ಕೈಗವಸು ಮರೆಯಬೇಡಿ.