ನಮ್ಮವರೆಂಬ ನಂಬಿಕೆ ಸಾಕೇ?

ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿಯೂ ವೃದ್ಧಾಶ್ರಮಗಳಲ್ಲಿಯೂ ದುಡಿಯುತ್ತಿದ್ದಾರೆ. ಅವರ ವೀಸಾಕ್ಕೆ ತೊಡಕು ಬಂದಾಗ ಊರಿನಲ್ಲಿರುವ ತಂದೆತಾಯಿಗಳು ನಮ್ಮನ್ನು ಕೇಳುವುದು ಒಂದೇ ಮಾತು: "ಫಾದರ್, ಅಲ್ಲಿ ನಮ್ಮವರೇ ಆದ ವಕೀಲರು ಯಾರಾದರೂ ಇದ್ದಾರೆಯೇ?"

ಪ್ರಶ್ನೆ ಸಹಜವಾದುದೇ. ಹಿಂದೊಮ್ಮೆ ನಾವೂ ಹೀಗೆಯೇ ಒಬ್ಬರ ಹೆಸರನ್ನು ಸೂಚಿಸಿದ್ದೆವು. ಅವರು ತಪ್ಪದೆ ಪೂಜೆಗೆ ಬರುವವರೆಂಬುದನ್ನು ಬಿಟ್ಟು ನಮಗೆ ಬೇರೇನೂ ತಿಳಿದಿರಲಿಲ್ಲ. ಹಣ ಕೊಟ್ಟ ಮೇಲೆಯೇ ಅವರಿಗೆ ಅಧಿಕಾರವಿಲ್ಲವೆಂದು ಗೊತ್ತಾಯಿತು. ಆ ಕುಟುಂಬದ ಕಣ್ಣೀರಿನಲ್ಲಿ ನಮ್ಮ ಪಾಲೂ ಇದೆ.

ಬ್ರಿಟನ್ನಿನ 1999ರ ವಲಸೆ ಮತ್ತು ಆಶ್ರಯ ಕಾಯಿದೆಯ ಪ್ರಕಾರ, ಅರ್ಹತೆಯಿಲ್ಲದವರು ವಲಸೆ ಸಲಹೆಯನ್ನು ವ್ಯವಹಾರವಾಗಿ ನಡೆಸುವುದು ಅಪರಾಧ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರುಗಳು ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಅಧೀನದಲ್ಲಿದ್ದಾರೆ. ವಕೀಲರಲ್ಲದ ಸಲಹೆಗಾರರು 2025ರಿಂದ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎನಿಸಿಕೊಂಡಿರುವ ಸಂಸ್ಥೆಯಲ್ಲಿ ನೋಂದಾಯಿತರಾಗಿರಬೇಕು. ಇವರಲ್ಲಿ 3 ಹಂತಗಳುಂಟು. ಮೊದಲ ಹಂತದವರದು ಸರಳ ಅರ್ಜಿಗಳು ಮಾತ್ರ. ನ್ಯಾಯಮಂಡಳಿಯಲ್ಲಿ ವಾದಿಸಲು 3ನೆಯ ಹಂತದವರೇ ಬೇಕು. ಎರಡೂ ಸಂಸ್ಥೆಗಳ ಪಟ್ಟಿಯನ್ನು ಯಾರು ಬೇಕಾದರೂ, ಇಲ್ಲಿಂದಲೇ ಆದರೂ, ಹಣ ಕೊಡದೆ ನೋಡಬಹುದು.

ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಮನೆಮಾರಾಟದ ಪತ್ರಗಳಲ್ಲಿ ನುರಿತ ಸಾಲಿಸಿಟರರಿಗೆ ವೀಸಾದ ನಿಯಮ ತಿಳಿದಿರಬೇಕೆಂದಿಲ್ಲ. ಆದುದರಿಂದ ಇಂಥ ಪ್ರಕರಣಗಳನ್ನು ಹಿಂದೆ ನಡೆಸಿದ್ದೀರಾ, ಕಡತವನ್ನು ಸ್ವತಃ ನೋಡುವವರು ಯಾರು, ಒಟ್ಟು ಖರ್ಚೆಷ್ಟು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಗೆಲುವು ಖಂಡಿತವೆಂದು ಮಾತು ಕೊಡುವವರಿಂದ ದೂರವಿರುವುದೇ ಲೇಸು, ತೀರ್ಮಾನಿಸುವವರು ಅವರಲ್ಲ.

ಇಲ್ಲಿ ಕಾಲವೂ ನಮ್ಮ ಕೈಯಲ್ಲಿಲ್ಲ. ಉದ್ಯೋಗದಾತರ ಪರವಾನಗಿ ರದ್ದಾದರೆ ಕೆಲಸಗಾರರಿಗೆ ಬೇರೆ ಆಸರೆ ಹುಡುಕಲು ಸಾಮಾನ್ಯವಾಗಿ 60 ದಿನಗಳು ಸಿಗುತ್ತವೆ. ಆ ದೇಶದೊಳಗಿದ್ದು ಮೇಲ್ಮನವಿ ಸಲ್ಲಿಸುವ ಹಕ್ಕಿರುವವರಿಗೆ ಅದಕ್ಕೆ 14 ದಿನಗಳ ಗಡುವು. ತಪ್ಪು ವ್ಯಕ್ತಿಯ ಬಾಗಿಲಲ್ಲಿ ಕಾಯುತ್ತಾ ಅಷ್ಟು ದಿನ ಕಳೆದರೆ, ಅನಂತರ ಬರುವ ಸಮರ್ಥರೂ ಕೈಚೆಲ್ಲಬೇಕಾದೀತು.

ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಸದ್ಗುಣಗಳ ಸಾಲಿನಲ್ಲಿರಿಸಿ, ಎಚ್ಚರಿಕೆಯನ್ನು ಅದರ ಒಂದು ಅಂಗವೆಂದು ಎಣಿಸಿದರು. ವಿಚಾರಿಸಿ ನೋಡುವುದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಪ್ರಾಮಾಣಿಕರು ತಮ್ಮ ನೋಂದಣಿಯ ಸಂಖ್ಯೆ ಕೇಳಿದರೆ ಬೇಸರಪಡುವುದಿಲ್ಲ. ಇನ್ನು ಮುಂದೆ ನಮ್ಮ ಬಳಿ ಬರುವವರಿಗೆ ನಾವು ಹೆಸರು ಹೇಳುವುದಿಲ್ಲ. ಮೊದಲು ಆ ಪಟ್ಟಿಯನ್ನು ಜೊತೆಯಲ್ಲಿ ಕುಳಿತು ನೋಡುತ್ತೇವೆ.